ಆವರಣದೊಳಗಿನ ದನಿ

ಮನುಷ್ಯಕುಲವನ್ನು ಎರಡು ಪಾಳಯಗಳಾಗಿ ಒಡೆಯಬಲ್ಲ ಪ್ರಶ್ನೆಗಳು ಹೆಚ್ಚಿಲ್ಲ. ಇರುವ ಕೆಲವೇ ಪ್ರಶ್ನೆಗಳಲ್ಲಿ ಮೊದಲನೆಯದು, ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುವಾಗ ಆವರಣಚಿಹ್ನೆ ಎದುರಾದರೆ ‘ಬ್ರಾಕೆಟ್’ ಎಂದು ಬಾಯಿಬಿಟ್ಟು ಹೇಳಬೇಕೋ ಬೇಡವೋ ಎಂಬುದು. ಹಾಗೆಂದು ಅವನು ನಂಬಿದ್ದ. ಯುದ್ಧ, ಧರ್ಮ, ಅಣ್ಣತಮ್ಮಂದಿರ ಆಸ್ತಿ ಪಾಲು ಇವೆಲ್ಲ ಆಮೇಲಿನವು. ಹೇಳಲೇಬೇಕು ಎನ್ನುವುದು ಅವನ ಪಕ್ಷ. ಆ ಪಕ್ಷದಲ್ಲಿ ತನ್ನನ್ನು ಬಿಟ್ಟು ಇನ್ನು ಯಾರಿದ್ದಾರೆಂದು ಅವನು ವಿಚಾರಿಸಲು ಹೋಗಿರಲಿಲ್ಲ. ಹಗಲು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಸಂಜೆ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಸಂಸ್ಥೆಯಲ್ಲಿ ಓದುವ ಕೆಲಸ. ಹೀಗೆ ಬಹಳ ಕಾಲ ನಡೆದುಬಂದಿತ್ತು. ಸಂಸ್ಥೆಯ ಓದುಗರೆಲ್ಲ ಪಾಲಿಸಬೇಕಾದ ನಿಯಮಗಳನ್ನು ಬರೆದವನೂ ಅವನೇ. ಪುಟದ ಮೇಲೆ ಕಣ್ಣಿಗೆ ಏನೇನು ಕಾಣುತ್ತದೋ ಅದೆಲ್ಲ ಕಿವಿಗೂ ಸಲ್ಲಬೇಕು, ಮುಚ್ಚಿಡಲು ಓದುವವನಿಗೆ ಹಕ್ಕಿಲ್ಲ. ಆದ್ದರಿಂದ ಆವರಣ ತೆರೆದರೆ ‘ಬ್ರಾಕೆಟ್’, ಮುಚ್ಚಿದರೆ ‘ಬ್ರಾಕೆಟ್ ಕ್ಲೋಸ್’. ಇದನ್ನು ಅವನು ಬಾಗಿಲು ತೆರೆದು ಮುಚ್ಚುವ ಕಾವಲುಗಾರನ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ.

ಈ ಬೆಳಿಗ್ಗೆ ಮಾತ್ರ ಎದ್ದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಗಂಟಲನ್ನು ನೋಡಿಕೊಂಡ. ಹೊರಗಿನಿಂದ ನೋಡಿದರೆ ಅದು ಎಲ್ಲರ ಗಂಟಲಿನಂತೆಯೇ ಇತ್ತು. ಒಳಗೆ ಒಂದು ಸಣ್ಣ ಗಂಟು ಎದ್ದು, ವೈದ್ಯರು ಕೆಲವು ತಿಂಗಳು ಮಾತೇ ಆಡಬೇಡಿ ಎಂದಿದ್ದರು. ಅದು ಸರಿಯಾಗಿ ಎಂಥ ಹೊತ್ತಿನಲ್ಲಿ! ಹಳೆಯ ಕಾಲದ ಒಬ್ಬ ಇಂಗ್ಲಿಷ್ ಲೇಖಕನ ಪ್ರಬಂಧಗಳ ದಪ್ಪ ಪುಸ್ತಕವನ್ನು ಓದಿಸಿ ಎಂದು ಅವನು ಸಂಸ್ಥೆಯ ಬೆನ್ನು ಹತ್ತಿ, ಕಡೆಗೂ ಒಪ್ಪಿಗೆ ಸಿಕ್ಕ ವಾರದಲ್ಲಿ. ಕಾಲೇಜಿನಲ್ಲಿದ್ದಾಗಿನಿಂದ ಅವನ ತಲೆದಿಂಬಿನ ಪಕ್ಕದಲ್ಲಿದ್ದ ಪುಸ್ತಕ ಅದು. ಕೆಲಸ ನಿಲ್ಲಬಾರದೆಂದು ತನ್ನ ಜಾಗದಲ್ಲಿ ನಾದಿನಿಯನ್ನು ಕೂರಿಸಿದವನೂ ಅವನೇ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಹೊತ್ತು ಹೋಗುವುದಿಲ್ಲ ಎನ್ನುತ್ತಿದ್ದವಳು ಅವಳು, ಇಂಗ್ಲಿಷ್ ಚೆನ್ನಾಗಿತ್ತು, ನಾಲ್ಕು ಪುಟ ಓದಿ ಬೇಜಾರಾಗಿ ಎದ್ದುಹೋಗುತ್ತಾಳೆಂದು ಅವನ ಲೆಕ್ಕ. ಅವಳು ಅರ್ಧ ಪುಸ್ತಕ ಮುಗಿಸಿದ್ದಳು. ಈಗ ಅವನ ದನಿ ಮರಳಿತ್ತು. ಆದರೆ ಒಂದು ಪುಸ್ತಕಕ್ಕೆ ಒಂದೇ ದನಿ ಎಂಬ ಇನ್ನೊಂದು ನಿಯಮವೂ ಸಂಸ್ಥೆಯ ಗೋಡೆಯ ಮೇಲಿತ್ತು, ಅದೂ ಅವನದೇ. ಇಂದು ಅವಳ ಓದನ್ನು ಕೇಳಿ ಅವನು ಹೇಳಬೇಕು: ಇಟ್ಟುಕೊಳ್ಳುವುದೋ, ಅಳಿಸುವುದೋ. ಇಟ್ಟುಕೊಂಡರೆ ಉಳಿದರ್ಧವೂ ಅವಳದೇ. ಅಳಿಸಿದರೆ ಮೊದಲ ಪುಟದಿಂದ ಅವನದು.

“ಏನ್ರೀ, ನೀರು ಕಾದಿದೆ, ಟವೆಲ್ ಕುರ್ಚಿ ಮೇಲಿದೆ, ಅಂದ ಹಾಗೆ ಅವಳಿಗೆ ಆ ಪುಸ್ತಕ ತುಂಬಾ ಹಿಡಿಸಿಬಿಟ್ಟಿದೆಯಂತೆ, ನೀಲಿದಲ್ಲ, ಅದು ಒದ್ದೆ,” ಎಂದಳು ಹೆಂಡತಿ ಬಾಗಿಲಾಚೆಯಿಂದ.

“ಯಾವುದು ಒದ್ದೆ?”

“ಅಷ್ಟು ಕೇಳಿಸ್ತಲ್ಲ, ಸಾಕು ಬಿಡಿ.”

ಅವಳು ಯಾವತ್ತೂ ಹೀಗೆಯೇ. ಹೇಳಬೇಕಾದದ್ದನ್ನು ಟವೆಲಿಗೂ ನೀರಿಗೂ ನಡುವೆ ಎಲ್ಲೋ ತುರುಕಿ, ಸಿಕ್ಕಿದವರಿಗೆ ಸೀರುಂಡೆ ಎಂಬಂತೆ ಹೊರಟುಹೋಗುವುದು. ಮದುವೆಯಾದ ಹೊಸದರಲ್ಲಿ ‘ವಿಷಯಕ್ಕೆ ಬಾ’ ಎಂದು ಗದರುತ್ತಿದ್ದ. ಅಕ್ಕತಂಗಿಯರಿಬ್ಬರಿಗೂ ಒಂದೇ ಚಾಳಿ. ತಂಗಿಯದು ಒಂದು ಕೈ ಮೇಲು. ಮದುವೆಯ ದಿನದ ಫೋಟೋದಲ್ಲಿ ಎಲ್ಲರೂ ಸಾಲಾಗಿ ನೆಟ್ಟ ಕಂಬಗಳಂತೆ ನಿಂತಿದ್ದಾರೆ. ಹುಡುಗಿಯೊಬ್ಬಳು, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನಾದಿನಿ, ತುಟಿ ಅಲುಗಿಸದೆ ಮದುಮಗಳ ಕಿವಿಯಲ್ಲಿ ಏನನ್ನೋ ಬಿಟ್ಟಿದ್ದಾಳೆ. ಮದುಮಗಳು ತಲೆ ತಗ್ಗಿಸಿ ನಗು ನುಂಗುತ್ತಿದ್ದಾಳೆ. ಪಕ್ಕದಲ್ಲಿ ಅವನು, ತನ್ನ ಬಗ್ಗೆಯೇ ಇರಬೇಕೆಂಬ ಗುಮಾನಿಯಲ್ಲಿ, ಕ್ಯಾಮೆರಾವನ್ನು ದುರುಗುಟ್ಟುತ್ತಿದ್ದಾನೆ. ಏನು ಹೇಳಿದಳು ಎಂದು ಎಷ್ಟು ಸಲ ಕೇಳಿದರೂ ಹೆಂಡತಿ ‘ಏನೋ ಹೇಳಿದ್ಲು ಬಿಡಿ’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟಿರಲಿಲ್ಲ. ಹತ್ತು ಜನ ಕೂತು ಮಾತಾಡುತ್ತಿರುವಾಗ ಹತ್ತೂ ಜನಕ್ಕೆ ಒಂದು ಮಾತು, ಅದರ ಮಡಿಲಲ್ಲೇ ಒಬ್ಬರಿಗೆ ಮಾತ್ರ ಇನ್ನೊಂದು, ಎರಡನ್ನೂ ಒಂದೇ ಉಸಿರಿನಲ್ಲಿ ಆಡಿ, ಯಾರೂ ಎಡವದಂತೆ ನೋಡಿಕೊಳ್ಳುವುದು ನಾದಿನಿಯ ವಿದ್ಯೆ. ಅದನ್ನು ಅವನು ಇಷ್ಟು ದಿನ ಹರಟೆ ಎಂದು ಕರೆದಿದ್ದ.

ಸಂಸ್ಥೆ ಇದ್ದದ್ದು ಒಂದು ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ. ಕೆಳಗೆ ಕನ್ನಡಕದ ಅಂಗಡಿ. ಈ ವಿಚಿತ್ರಕ್ಕೆ ನಗುವುದನ್ನು ಮಹಡಿಯವರು ಯಾವಾಗಲೋ ಬಿಟ್ಟಿದ್ದರು, ಕನ್ನಡಕದವನು ಇನ್ನೂ ಬಿಟ್ಟಿರಲಿಲ್ಲ. ಮೆಟ್ಟಿಲು ಹತ್ತುತ್ತ ಅವನು ಮನಸ್ಸಿನಲ್ಲಿ ಒಂದು ವಾಕ್ಯವನ್ನು ಹದ ಮಾಡಿಕೊಳ್ಳುತ್ತಿದ್ದ. ‘ಓದು ಚೆನ್ನಾಗಿದೆ, ಆದರೆ ನಿಯಮಕ್ಕೆ ಹೊಂದುವುದಿಲ್ಲ.’ ಸಭ್ಯವಾದ ವಾಕ್ಯ. ಚೆನ್ನಾಗಿದೆ ಎಂಬುದು ಮೊದಲು ಬಂದಿದೆ. ಹೆಂಡತಿಗೂ ಹೇಳಬಹುದು. ನಾದಿನಿ ಬ್ರಾಕೆಟ್ ಹೇಳುವುದಿಲ್ಲವೆಂದು ಅವನಿಗೆ ಆಗಲೇ ಸುದ್ದಿ ಬಂದಿತ್ತು. ಆ ಸುದ್ದಿ ಕೇಳಿದ ದಿನ ಗಂಟಲು ಮುಟ್ಟಿಕೊಂಡು ಸಮಾಧಾನಪಟ್ಟದ್ದು ನೆನಪಾಗಿ ಮೆಟ್ಟಿಲ ನಡುವೆ ಒಂದು ಕ್ಷಣ ನಿಂತ. ಯಾರೂ ನೋಡಿರಲಿಲ್ಲ.

ಒಳಗೆ, ಎಲ್ಲರೂ ‘ಕೇಳುವವರು’ ಎಂದು ಕರೆಯುವ ಒಬ್ಬರು ಕೂತಿದ್ದರು. ಧ್ವನಿಮುದ್ರಣವಾದದ್ದನ್ನೆಲ್ಲ ಪೂರ್ತಿ ಕೇಳಿ, ತಪ್ಪಿದ ಕಡೆ ಗುರುತು ಮಾಡಿ, ಸರಿಯಿದೆ ಎಂದ ಮೇಲೆ ಹೊರಗೆ ಬಿಡುವುದು ಅವರ ಕೆಲಸ. ಅವರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವರು, ಆದರೆ ಇಡೀ ಕಟ್ಟಡದಲ್ಲಿ ಎಲ್ಲರೂ ಬಹುವಚನದಲ್ಲಿ ಮಾತಾಡಿಸುವುದು ಅವರೊಬ್ಬರನ್ನೇ.

“ಬನ್ನಿ ಸರ್. ಗಂಟಲು ವಾಸಿ ಅನ್ಸತ್ತೆ, ಮೆಟ್ಟಿಲ ಮೇಲೆ ಕೆಮ್ಮಲಿಲ್ಲ.”

“ನಿಂತಿದ್ದೆ ಒಂದು ನಿಮಿಷ.”

“ಅದೂ ಗೊತ್ತಾಯ್ತು,” ಎಂದು ಅವರು ಕಿವಿಗೆ ಹಾಕುವ ಹೆಡ್‌ಫೋನನ್ನು ಮುಂದೆ ಚಾಚಿದರು. “ನಾನು ಇನ್ನೂ ಏನೂ ಹೇಳಲ್ಲ. ನಿಯಮ ನಿಮ್ಮದು, ಪುಸ್ತಕ ನಿಮ್ಮದು, ಓದಿದವರು ನಿಮ್ಮ ಮನೆಯವರು. ನನಗ್ಯಾಕೆ ಬೇಕು ಹೇಳಿ ನಿಮ್ಮನೆ ಊಟದ ಹೊತ್ತಿನ ಜಗಳ!”

ಗೋಡೆಗೆಲ್ಲ ಸ್ಪಂಜು ಹೊದಿಸಿದ ಸಣ್ಣ ಕೋಣೆಯಲ್ಲಿ, ಹಿಂದೆ ತಾನೇ ಕೂರುತ್ತಿದ್ದ ಕುರ್ಚಿಯಲ್ಲಿ ಕೂತ. ಎತ್ತರ ಬದಲಾಗಿತ್ತು. ಮೇಜಿನ ಮೇಲೆ ನಾದಿನಿಯ ನೀರಿನ ಲೋಟ, ಕೂದಲಿಗೆ ಹಾಕುವ ಒಂದು ಕ್ಲಿಪ್ಪು. ಪುಸ್ತಕವನ್ನು ಮುಂದಿಟ್ಟುಕೊಂಡು, ಪೆನ್ಸಿಲ್ ಚೂಪಾಗಿದೆಯೇ ನೋಡಿ, ಕೇಳತೊಡಗಿದ. ಮೊದಲ ಪುಟದಲ್ಲೇ ಅವಳು ಒಂದು ಊರಿನ ಹೆಸರನ್ನು ತಪ್ಪಾಗಿ ಉಚ್ಚರಿಸಿದಳು. ಅವನ ಎದೆ ಹಗುರವಾಯಿತು. ಅಂಚಿನಲ್ಲಿ ದೊಡ್ಡ ಗೆರೆ ಎಳೆದ. ಖಾತ್ರಿ ಮಾಡಿಕೊಳ್ಳೋಣವೆಂದು ಉಚ್ಚಾರಣೆಯ ನಿಘಂಟು ತೆರೆದ. ಅವಳದೇ ಸರಿ. ತರಗತಿಗಳಲ್ಲಿ ಅಷ್ಟು ವರ್ಷ ಆ ಊರಿನ ಹೆಸರನ್ನು ಅವನೇ ತಪ್ಪಾಗಿ ಹೇಳುತ್ತ ಬಂದಿದ್ದ. ಗೆರೆಯನ್ನು ರಬ್ಬರಿನಿಂದ ಅಳಿಸಿ, ಅಳಿಸಿದ ಚೂರುಗಳನ್ನು ಊದಿ, ಮತ್ತೆ ಕೇಳತೊಡಗಿದ.

ಕುರ್ಚಿಗಳ ಬಗ್ಗೆ ಬರೆದ ಪ್ರಬಂಧ. ತಾನು ಹರಾಜಿನಲ್ಲಿ ಕೊಂಡ ಒಂದು ಕುರ್ಚಿಯ ಚರಿತ್ರೆಯನ್ನು ಲೇಖಕ ಬಹಳ ಗತ್ತಿನಿಂದ ಹೇಳುತ್ತ, ಮಧ್ಯೆ ಆವರಣ ತೆರೆದು, ಹೆಂಡತಿ ಇದು ಬೇಡವೆಂದಿದ್ದಳು, ಈಗ ಇದರಲ್ಲಿ ಕೂರುವವಳು ಅವಳೇ ಎಂದು ಸೇರಿಸಿ, ಮುಚ್ಚಿ, ಚರಿತ್ರೆಯನ್ನು ಮುಂದುವರಿಸುತ್ತಾನೆ. ನಾದಿನಿ ಬ್ರಾಕೆಟ್ ಎನ್ನಲಿಲ್ಲ. ದನಿಯನ್ನು ತಗ್ಗಿಸಲೂ ಇಲ್ಲ. ಅದನ್ನೇ ನಿರೀಕ್ಷಿಸಿ ಅವನು ಪೆನ್ಸಿಲ್ ಎತ್ತಿದ್ದ. ದನಿ ಹತ್ತಿರ ಬಂತು, ಅಷ್ಟೇ. ದೊಡ್ಡ ಮೇಜಿನ ಆ ತುದಿಯಿಂದ ಎಲ್ಲರನ್ನೂ ಉದ್ದೇಶಿಸಿ ಮಾತಾಡುತ್ತಿದ್ದ ಮನುಷ್ಯ ಎದ್ದು ಬಂದು ಇವನ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ‘ನಿಮಗೆ ಮಾತ್ರ ಹೇಳ್ತೀನಿ’ ಎಂದಂತೆ. ಆಮೇಲೆ, ಸಿನಿಮಾ ಹಾಲಿನಲ್ಲಿ ಎದ್ದುಹೋದವರು ಕತ್ತಲಲ್ಲಿ ಯಾರ ಕಾಲನ್ನೂ ತುಳಿಯದೆ ಬಂದು ತಮ್ಮ ಸೀಟಿನಲ್ಲೇ ಕೂರುವ ಹಾಗೆ, ದನಿ ವಾಕ್ಯವನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಿತು. ಎತ್ತಿಕೊಂಡ ಜಾಗದಲ್ಲಿ ಹೊಲಿಗೆ ಕಾಣಲಿಲ್ಲ. ಆವರಣ ತೆರೆದದ್ದೂ ಮುಚ್ಚಿದ್ದೂ ಪುಟದಲ್ಲಿ ಕಾಣುವಷ್ಟೇ ಸ್ಪಷ್ಟವಾಗಿ ಕಿವಿಗೆ ಕಾಣಿಸಿತ್ತು. ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹಾಗಾದರೆ ನಿಯಮ ಮುರಿದದ್ದು ಎಲ್ಲಿ?

ಅವನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ (ತಪ್ಪು ಹಿಡಿಯಲೆಂದೇ ಎಂದು ತನಗೆ ತಾನೇ ಹೇಳಿಕೊಂಡ). ಇಂಗ್ಲಿಷಿನ ಈ ಸೊಬಗನ್ನು ಅವನು ವಿದ್ಯಾರ್ಥಿಗಳಿಗೆ ಹೇಗೆ ಕಲಿಸುತ್ತಿದ್ದ? ಆವರಣದಲ್ಲಿರುವುದನ್ನು ತೆಗೆದುಹಾಕಿದರೂ ವಾಕ್ಯ ನಿಲ್ಲುತ್ತದೆ, ಬರೆದುಕೊಳ್ಳಿ ಎಂದು. ಅವರು ಬರೆದುಕೊಂಡು ಪರೀಕ್ಷೆಯಲ್ಲಿ ತೆಗೆದುಹಾಕುತ್ತಿದ್ದರು. ವಾಕ್ಯ ನಿಲ್ಲುತ್ತದೆ, ನಿಜ. ಮನೆಯವರೆಲ್ಲ ಖಾಲಿ ಮಾಡಿಕೊಂಡು ಹೋದ ಮೇಲೂ ಮನೆ ನಿಂತೇ ಇರುತ್ತದೆ. ಈ ಲೇಖಕ ಹೊರಗಿನ ವಾಕ್ಯದಲ್ಲಿ ಕೋಟು ತೊಟ್ಟು ಕೂತಿರುತ್ತಾನೆ. ಒಳಗೆ ಬಂದಾಗ ಮಾತ್ರ ಗುಂಡಿ ಬಿಚ್ಚುತ್ತಾನೆ. ನಾಲ್ಕು ಜನರೆದುರು ದೊಡ್ಡದಾಗಿ ಹೇಳಲು ನಾಚಿಕೆಯಾಗುವುದನ್ನೆಲ್ಲ, ಪ್ರೀತಿ, ಅಳುಕು, ಸೋತದ್ದು, ಹೀಗೆ ಎರಡು ಬಾಗಿದ ಗೆರೆಗಳ ನಡುವೆ, ಮರೆತು ಬಿಟ್ಟುಹೋದ ಛತ್ರಿಯಂತೆ ಇಟ್ಟುಹೋಗುತ್ತಾನೆ. ಎಂಥ ಉಪಾಯ! ಎಂಥ ಸಂಕೋಚ! ಮಾತಿನಲ್ಲೂ ಇಂಗ್ಲಿಷಿನವರದು ಇದೇ ಮರ್ಯಾದೆ ಇರಬೇಕು. ‘ಬೈ ದ ವೇ’ ಎಂದರೆಂದರೆ ಹೇಳಲೆಂದೇ ಬಂದದ್ದು ಈಗ ಬರುತ್ತದೆ ಎಂದು ಅರ್ಥ. (ಅಂದ ಹಾಗೆ ಅವಳಿಗೆ ಆ ಪುಸ್ತಕ ತುಂಬಾ ಹಿಡಿಸಿಬಿಟ್ಟಿದೆಯಂತೆ.) ಈ ಸಂಕೋಚದ ಎರಡೂ ಬದಿಗೆ ಅವನು ನಿಂತು, ಇಷ್ಟು ವರ್ಷ, ಹಾಜರಿ ಕೂಗಿದಂತೆ ಕೂಗುತ್ತ ಬಂದಿದ್ದ.

ಆ ವಾಕ್ಯ ಬಂದದ್ದು ಆಗ. ಲೇಖಕನ ತೀರಿಹೋದ ಅಣ್ಣನ ನೆನಪಿನ ಪ್ರಬಂಧದಲ್ಲಿ, ಹೊಳೆದಡದ ನಡಿಗೆ, ಅಣ್ಣನ ಟೋಪಿ, ಅವನ ಕೆಟ್ಟ ಚುಟ್ಟ ಎಲ್ಲ ಮುಗಿದ ಮೇಲೆ, ನನ್ನ ಅಣ್ಣ ನನಗಿಂತ ಚೆನ್ನಾಗಿ ಬರೆಯುತ್ತಿದ್ದ ಎನ್ನುತ್ತಾನೆ ಲೇಖಕ, ಆವರಣ, ಇದನ್ನು ಅವನಿದ್ದಾಗ ನಾನು ಹೇಳಲಿಲ್ಲ, ಮುಚ್ಚಿತು, ಮತ್ತೆ ಚುಟ್ಟದ ವಿಷಯ. ಈ ವಾಕ್ಯ ಅವನಿಗೆ ಬಾಯಿಪಾಠ. ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಷ್ಟೋ ಮಕ್ಕಳನ್ನು ಬೆರಗುಗೊಳಿಸಿದ್ದೇನೆ ಎಂದುಕೊಂಡಿದ್ದ. ನಾದಿನಿ ಅಲ್ಲಿ ಬೆರಗುಗೊಳಿಸುವಂಥದ್ದೇನೂ ಮಾಡಲಿಲ್ಲ. ಒಂದು ಉಸಿರು ತೆಗೆದುಕೊಂಡಳು, ಬಂದು ಹೇಳಿದಳು, ಹೋದಳು. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

ಆಮೇಲೆ ಅವನು ಮಾಡಿದ್ದು ಚಿಕ್ಕ ಮಕ್ಕಳು ಮಾಡುವಂಥ ಕೆಲಸ. ಪುಸ್ತಕವನ್ನು ಎತ್ತಿಕೊಂಡು, ಗಂಟಲು ಸರಿ ಮಾಡಿಕೊಂಡು, ಅದೇ ವಾಕ್ಯವನ್ನು ಅವಳ ಹಾಗೆ ಓದಲು ನೋಡಿದ. ಆವರಣದ ಬಳಿ ದನಿ ಹತ್ತಿರ ಬರಲಿಲ್ಲ, ಬಗ್ಗಿತು. ದೊಡ್ಡವರ ಮುಂದೆ ಹಾದುಹೋಗುವವನು ಬೆನ್ನು ಬಗ್ಗಿಸುವ ಹಾಗೆ. ಮತ್ತೊಮ್ಮೆ ಓದಿದ. ಈ ಸಲ ಗುಟ್ಟು ಹೇಳುವ ನಾಟಕದ ಪಾತ್ರಧಾರಿಯಾದ. ಇನ್ನೊಮ್ಮೆ ಓದುವಾಗ, ಬೇಡ ಬೇಡವೆಂದರೂ, ‘ಬ್ರಾಕೆಟ್’ ಎಂಬ ಮಾತು ತನ್ನಷ್ಟಕ್ಕೆ ತಾನೇ ಬಾಯಿಂದ ಹೊರಬಿತ್ತು.

“ಸರ್,” ಎಂದರು ಕೇಳುವವರು ಗಾಜಿನಾಚೆಯಿಂದ, ಸ್ಪೀಕರಿನಲ್ಲಿ. “ಮೈಕ್ ಆನ್ ಇದೆ.”

ಅವನು ಪುಸ್ತಕ ಮುಚ್ಚಿದ. ಎದ್ದು ಹೊರಗೆ ಬಂದಾಗ ಕೇಳುವವರು ನಗುತ್ತಿರಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ಕೂತ್ಕೊಳಿ ಸರ್. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ನಾನು ಇಂಗ್ಲಿಷ್ ಕಲಿತಿದ್ದು ಪೂರ್ತಿ ನಿಮ್ಮ ದನಿಯಲ್ಲೇ, ಗೊತ್ತಲ್ಲ? ನಮ್ಮ ಶಾಲೆಗೆ ಬರ್ತಿದ್ದಿದ್ದೆಲ್ಲ ನೀವು ಓದಿದ್ದೇ. ನಾನೇನು ಅಂದ್ಕೊಂಡಿದ್ದೆ ಅಂದ್ರೆ, ಇಂಗ್ಲಿಷ್‌ನವರು ಮಾತಾಡುವಾಗ ನಡುವೆ ಸ್ವಂತದ್ದು ಏನಾದರೂ ಹೇಳಬೇಕಾದರೆ ಬ್ರಾಕೆಟ್ ಅಂತ ಹೇಳಿ ಆಮೇಲೆ ಹೇಳ್ತಾರೆ ಅಂತ. ಒಂದು ಮರ್ಯಾದೆ ಅಂತ. ನಾವು ‘ತಪ್ಪು ತಿಳ್ಕೋಬೇಡಿ’ ಅಂತೀವಲ್ಲ, ಹಾಗೆ.”

“ಅಯ್ಯೋ.”

“ಕೇಳಿ. ಮೊದಲನೇ ಕೆಲಸದ ಇಂಟರ್‌ವ್ಯೂ. ದೊಡ್ಡ ದೊಡ್ಡವರು ಕೂತಿದ್ದಾರೆ. ನಿಮ್ಮ ತಂದೆ ಏನು ಮಾಡ್ತಾರೆ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು. ನಾನು ಅಂದೆ, ನಮ್ಮ ತಂದೆ, ಬ್ರಾಕೆಟ್, ಹೊರಗಡೆ ಬೆಂಚಿನ ಮೇಲೆ ಕೂತಿದಾರೆ, ಬ್ರಾಕೆಟ್ ಕ್ಲೋಸ್, ಟೈಲರು ಅಂತ.”

ಅವನು ಕುರ್ಚಿಯ ತುದಿಗೆ ಸರಿದ.

“ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಯಾಕೆ ಅಂತ ಗೊತ್ತಾಗದೆ. ಒಬ್ಬರು ಹೇಳಿದ್ರು, ಇಷ್ಟು ಒಳ್ಳೇ ಜೋಕು ಮಾಡೋರು ಸಿಕ್ಕಲ್ಲ, ತಗೊಳ್ಳಿ ಇವರನ್ನ ಅಂತ. ತಗೊಂಡ್ರು. ಅಲ್ಲಿದ್ದಷ್ಟು ದಿನವೂ ಬ್ರಾಕೆಟ್ ಅಂತ ಹೇಳಿಸಿ ಹೇಳಿಸಿ ನಗೋರು.”

“ನನ್ನಿಂದ ಆಗಿದ್ದು ಅದು,” ಎಂದ ಅವನು.

“ಹೌದು, ನಿಮ್ಮಿಂದಲೇ. ಆದರೆ ನೋಡಿ ಸರ್, ಟೈಪ್ ಮಾಡೋಕೆ ಕೂತಾಗ ಕಾಮಾ ಎಲ್ಲಿ, ಬ್ರಾಕೆಟ್ ಎಲ್ಲಿ ಅಂತ ಕಣ್ಣಿದ್ದೋರು ನನ್ನನ್ನ ಕೇಳೋರು. ಪುಟ ಹೇಗಿರತ್ತೆ ಅಂತ ನನಗೆ ಗೊತ್ತಿರೋದೇ ನಿಮ್ಮಿಂದ. ನಮ್ಮ ಹುಡುಗರೆಲ್ಲ ನಿಮ್ಮನ್ನ ಬ್ರಾಕೆಟ್ ಸರ್ ಅಂತಲೇ ಕರೆಯೋದು. ಪ್ರೀತಿಗೇ. ಸ್ವಲ್ಪ ತಮಾಷೆಗೂ ಇರಬಹುದು.”

ಬ್ರಾಕೆಟ್ ಸರ್. ಅವನು ಆ ಹೆಸರನ್ನು ನಾಲಿಗೆಯ ಮೇಲಿಟ್ಟು ನೋಡಿದ. ಎಲ್ಲೋ ಬೆಂಚಿನ ಮೇಲೆ ಕೂತ ಒಬ್ಬ ದರ್ಜಿ, ಒಳಗೆ ನಗು ಕೇಳಿಸಿ, ಮಗ ಗೆದ್ದನೋ ಸೋತನೋ ತಿಳಿಯದೆ, ಬಾಗಿಲ ಕಡೆ ನೋಡುತ್ತಿದ್ದಾನೆ. (ಗೆದ್ದಿದ್ದ, ಸೋತೂ ಇದ್ದ.)

“ಅವಳ ಓದು ಕೇಳಿದಾಗ ನಿಮಗೆ ಏನನ್ನಿಸ್ತು? ನಿಜ ಹೇಳಿ.”

ಕೇಳುವವರು ಅವನ ಕಡೆ ತಿರುಗಿದರು. “ಆ ಪುಸ್ತಕ ಬರೆದೋರು ಯಾರೋ ಏನೋ, ನಿಮ್ಮ ಓದಿನಲ್ಲಾದರೆ ನನಗೆ ಪುಟ ಕಾಣ್ತಿತ್ತು. ಇವರು ಓದಿದಾಗ ಆ ಮನುಷ್ಯ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು. ಸ್ವಲ್ಪ ಸರಿದು ಜಾಗ ಕೊಟ್ಟೆ ಸರ್, ಸುಳ್ಳಲ್ಲ.” ಆಮೇಲೆ ಗುಂಡಿಯ ಮೇಲೆ ಬೆರಳಿಟ್ಟರು. “ಇಟ್ಟುಕೊಳ್ಳೋದಾ, ಅಳಿಸೋದಾ? ನೀವು ಹೇಳಿದ ಹಾಗೆ.”

ಮೆಟ್ಟಿಲ ಮೇಲೆ ಹದಮಾಡಿಕೊಂಡಿದ್ದ ವಾಕ್ಯ ಇನ್ನೂ ಬಾಯಲ್ಲಿತ್ತು. ಓದು ಚೆನ್ನಾಗಿದೆ, ಆದರೆ. ಆ ‘ಆದರೆ’ಯ ಆಚೆ ಅವನ ಪುಸ್ತಕ ಇತ್ತು, ಕುರ್ಚಿ, ಹೊಳೆದಡ, ಅಣ್ಣನ ಟೋಪಿ, ಎಷ್ಟು ವರ್ಷ ಕಾದದ್ದು. ಯಾರೂ ಅವನನ್ನು ಆಡಿಕೊಳ್ಳುವಂತಿರಲಿಲ್ಲ, ನಿಯಮ ಗೋಡೆಯ ಮೇಲಿತ್ತು. ಒಂದು ಗುಂಡಿ ಒತ್ತಿದರೆ ಅವಳ ಅರ್ಧ ಪುಸ್ತಕ ಇರಲೇ ಇಲ್ಲ ಎನ್ನುವಂತೆ ಹೋಗುತ್ತದೆ, ಆ ಒಂದು ಉಸಿರು ಕೂಡ. ಅದನ್ನು ಕೇಳಿದವರು ಲೋಕದಲ್ಲಿ ಇಬ್ಬರೇ. ಒಬ್ಬರು ತುಟಿ ಬಿಚ್ಚುವವರಲ್ಲ. ಇನ್ನೊಬ್ಬ ಮಾತ್ರ ಇನ್ನು ಮುಂದೆ ಆ ಪುಟ ಬಂದಾಗಲೆಲ್ಲ ಅವಳ ದನಿಯ ಮೇಲೆ ತನ್ನ ದನಿಯನ್ನು ಹೇರಿಕೊಂಡು ಓದಬೇಕು.

ಬಾಗಿಲು ತಳ್ಳಿಕೊಂಡು ನಾದಿನಿ ಬಂದಳು, ಕೈಯಲ್ಲಿ ಚೀಲ, ಮೈಯೆಲ್ಲ ಬಿಸಿಲು.

“ಏನ್ ಭಾವ, ಕೋರ್ಟು ಮುಗೀತಾ? ನಿಮ್ಮ ಮುಖ ನೋಡಿದ್ರೆ ಗಲ್ಲೋ ಬಿಡುಗಡೆಯೋ ಗೊತ್ತೇ ಆಗಲ್ಲಪ್ಪ. ಅಕ್ಕ ಹೇಗೆ ಸಂಸಾರ ಮಾಡ್ತಾಳೋ! ಕ್ಲಿಪ್ಪು ಬಿಟ್ಟು ಹೋಗಿದ್ದೆ, ತಗೊಂಡು ಹೋಗ್ತೀನಿ. ಅಳಿಸೋದಾದ್ರೆ ನಾನು ಕೆಳಗಿಳಿದ ಮೇಲೆ ಅಳಿಸಿ, ಕನ್ನಡಕದ ಅಂಗಡಿಯವನ ಜೊತೆ ಜಗಳ ಆಡ್ಕೊಂಡು ದುಃಖ ಮರೀತೀನಿ.”

ನಗುತ್ತಲೇ ಇದ್ದಳು. ಅಳಿಸೋದಾದ್ರೆ ಎಂಬುದು ಮಾತ್ರ, ಆ ಗಲಾಟೆಯ ನಡುವೆ, ಹತ್ತಿರ ಬಂದು ಹೋಗಿತ್ತು. ಅವನಿಗೆ ಅದು ಕೇಳಿಸಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿಸಿತು.

“ಲೋಟ ಇಟ್ಟುಕೊಂಡು ಓದಬೇಡ, ಮೈಕಿಗೆ ನೀರು ಚೆಲ್ಲೀತು,” ಎಂದ ಅವನು ಮೇಷ್ಟರ ದನಿಯಲ್ಲಿ, ಕಿಟಕಿಯ ಕಡೆ ನೋಡುತ್ತ. “ಕುರ್ಚಿ ಬೇರೆ ಎತ್ತರಿಸಿದೀಯ, ನೀನು ನನಗಿಂತ ಚೆನ್ನಾಗಿ ಓದ್ತೀಯ, ಹೋಗುವಾಗ ಫ್ಯಾನ್ ಆರಿಸೋದು ಕಲಿ.”

“ಏನಂದ್ರಿ ಭಾವ?”

“ಫ್ಯಾನ್ ಆರಿಸು ಅಂದೆ.”

“ಅದರ ಹಿಂದಿನದು.”

“ಕೇಳಿಸಲಿಲ್ವಾ?”

“ಕೇಳಿಸ್ತು. ಇನ್ನೊಂದ್ಸಲ ಅನ್ನಿ ಅಂತ ಕೇಳ್ದೆ.”

ಅವನು ಕೇಳುವವರ ಕಡೆ ತಿರುಗಿ, ಇಟ್ಟುಕೊಳ್ಳಿ ಎಂದ.

ಪ್ರಬಂಧಗಳ ಪುಸ್ತಕವನ್ನು ನಾದಿನಿಯೇ ಕೊನೆಯವರೆಗೂ ಓದಿದಳು. ಅವನಿಗೆ ಬೀಜಗಣಿತದ ಪಠ್ಯಪುಸ್ತಕ ಕೊಟ್ಟರು. ಅದರಲ್ಲಿ ಬ್ರಾಕೆಟ್ ಹೇಳಲೇಬೇಕು.